ಕಾಯಿ ಒಡೆಯುವ ಹೊತ್ತು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ಹವಾಮಾನ ಬದಲಾವಣೆ: ರೈತರ ಗ್ರಹಿಕೆ’ ಎಂದು ಅಚ್ಚಾಗಿದೆ. ಶೀರ್ಷಿಕೆ ಸಂಘಟಕರದು, ಮಾತು ನನ್ನದು. ಕೃಷಿ ವಿಸ್ತರಣೆಯ ಕೆಲಸ ಹಿಡಿದು ಮೂವತ್ತು ವರ್ಷ ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದ ಹಳ್ಳಿಗಳನ್ನು ಸುತ್ತಿದವನು ನಾನು. ಅಷ್ಟೂ ವರ್ಷದಲ್ಲಿ ರೈತನೊಬ್ಬನ ಬಾಯಲ್ಲಿ ‘ಹವಾಮಾನ’ ಎಂಬ ಪದ ತಾನಾಗಿ ಬಂದದ್ದು ನೆನಪಿಲ್ಲ. ಸಭೆಗೆ ಕರೆದರೆ ಹೇಳುತ್ತಾರೆ, ನಾವು ಕೇಳುವುದೇ ಹಾಗಲ್ಲವೇ. ಹೊಲದ ಬದುವಿನ ಮೇಲೆ ನಿಂತಾಗ ಅವರ ಬಾಯಲ್ಲಿ ಇರುವುದು ಎರಡೇ ಮಾತು: ಮಳೆ, ಹದ. ಮಳೆ ಎಲ್ಲರಿಗೂ ಬರುತ್ತದೆ. ಹದ ಆಯಿತೋ ಇಲ್ಲವೋ ಎಂದು ಅವರವರೇ ನೋಡಿಕೊಳ್ಳಬೇಕು.

ಒಂದು ಪಡಸಾಲೆಯಿಂದ ಶುರು ಮಾಡುತ್ತೇನೆ.

2023ರ ಜುಲೈ ಕೊನೆಯ ವಾರ. ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡಪ್ಪನ ಮನೆ. ಮೂಲೆಯಲ್ಲಿ ಶೇಂಗಾದ ಆರು ಮೂಟೆ. (ಚಳ್ಳಕೆರೆಯಲ್ಲಿ ಅದು ಶೇಂಗಾ, ಗಡಿ ದಾಟಿ ಪಾವಗಡಕ್ಕೆ ಹೋದರೆ ಕಡ್ಲೇಕಾಯಿ. ಎರಡೂ ಊರಿನವರು ಒಬ್ಬರನ್ನೊಬ್ಬರು ಇದಕ್ಕೇ ಗೇಲಿ ಮಾಡುತ್ತಾರೆ.) ದೊಡ್ಡಮ್ಮ, ಕೂಲಿಗೆ ಬಂದ ಇಬ್ಬರು ಹೆಂಗಸರು ಮೊರ ಮುಂದಿಟ್ಟುಕೊಂಡು ಕೂತಿದ್ದಾರೆ. ಕಾಯಿ ಮಾತ್ರ ಒಡೆಯುತ್ತಿಲ್ಲ. ದೊಡ್ಡಪ್ಪ ‘ತಡೀರಿ’ ಅಂದಿದ್ದಾನೆ. ಬೆಳಗ್ಗಿನಿಂದ ನಾಲ್ಕನೇ ಸಲ ಅಂಗಳಕ್ಕೆ ಹೋಗಿ ಪಡುವಣ ದಿಕ್ಕು ನೋಡಿ ಬಂದ. ಕೂಲಿಯವರು ಎಲೆಅಡಿಕೆ ಹಾಕಿಕೊಂಡರು. ಒಡೆದರೂ ಕೂಲಿ, ಒಡೆಯದೆ ಕೂತರೂ ಕೂಲಿ.

ಪಟ್ಟಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಗಿಯನ್ನೋ ಜೋಳವನ್ನೋ ಚೀಲದಿಂದ ತೆಗೆದು ಹಾಗೇ ಕೂರಿಗೆಗೆ ಹಾಕಬಹುದು. ಶೇಂಗಾ ಹಾಗಲ್ಲ, ಸಿಪ್ಪೆ ಒಡೆದು ಬೀಜ ಬಿಡಿಸಬೇಕು. ಸಿಪ್ಪೆಯೊಳಗಿದ್ದರೆ ತಿಂಗಳುಗಟ್ಟಲೆ ಕೆಡದು. ಒಡೆದ ಮೇಲೆ ಬೀಜಕ್ಕೆ ಆಯಸ್ಸು ಕಮ್ಮಿ: ಮೇಲಿನ ಕೆಂಪು ಪೊರೆ ಉಜ್ಜಿಹೋಗುತ್ತದೆ, ಹುಳ ಹತ್ತುತ್ತದೆ, ಮೊಳಕೆಯ ಶಕ್ತಿ ದಿನದಿನಕ್ಕೆ ಇಳಿಯುತ್ತದೆ. ಎಕರೆಗೆ ನಲವತ್ತೈವತ್ತು ಕಿಲೋ ಬೀಜ ಬೇಕು. ಕೈಯಲ್ಲಿ ಒಡೆದರೆ ಅದು ದಿನಗಟ್ಟಲೆಯ ಕೆಲಸ, ಮಿಷನ್ನಿಗೆ ಹಾಕಿದರೆ ಬೀಜ ಸೀಳುತ್ತದೆ. ಇನ್ನು ನಮ್ಮ ಕೆಂಪು ಮಸಾರಿ ನೆಲದಲ್ಲಿ ಒಳ್ಳೆಯ ಮಳೆ ಬಿದ್ದ ಮೇಲೂ ಬಿತ್ತುವ ಹದ ನಿಲ್ಲುವುದು ಮೂರು ದಿನವೋ ನಾಲ್ಕು ದಿನವೋ. ಮಳೆ ಬಂದ ಮೇಲೆ ಒಡೆಯಲು ಕೂತರೆ ಹದ ಹಾರಿಹೋಗುತ್ತದೆ. ಮೊದಲೇ ಒಡೆದಿಟ್ಟು ಮಳೆ ಬಾರದಿದ್ದರೆ ಬೀಜ ಎಣ್ಣೆ ಮಿಲ್ಲಿಗೆ.

ಆದ್ದರಿಂದ ಬಿತ್ತುವ ತೀರ್ಮಾನ ಆಗುವ ಜಾಗ ಪಡಸಾಲೆ. ಅದು ಆಗುವುದು ಮಳೆಗೆ ಎಂಟು ಹತ್ತು ದಿನ ಮೊದಲು, ಆಕಾಶದಲ್ಲಿ ಏನೂ ಇಲ್ಲದಾಗ. ಕೃಷಿ ಇಲಾಖೆಯ ಬಿತ್ತನೆ ವರದಿಯಲ್ಲಿ ಇದಕ್ಕೆ ಕಾಲಂ ಇಲ್ಲ. ನಾನೇ ಎಷ್ಟು ವರದಿ ತುಂಬಿದ್ದೇನೋ, ‘ಎಷ್ಟು ಮನೆಯಲ್ಲಿ ಕಾಯಿ ಒಡೆದಿದ್ದಾರೆ’ ಎಂದು ಒಂದು ಸಲವೂ ಬರೆದವನಲ್ಲ.

ಹದ ನೋಡುವುದು ಹೇಗೆ ಅಂತ ದೊಡ್ಡಪ್ಪನೇ ನನಗೆ ತೋರಿಸಿದ್ದು, ನಾನು ಕೃಷಿ ಓದುವುದಕ್ಕೂ ಮುಂಚೆ. ಗುದ್ದಲಿಯಿಂದ ಗೇಣುದ್ದ ಬಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಬೇಕು. ಉಂಡೆ ಕಟ್ಟದಿದ್ದರೆ ತೇವ ಸಾಲದು. ಕಟ್ಟಿದ ಉಂಡೆಯನ್ನು ಸೊಂಟದ ಎತ್ತರದಿಂದ ಬಿಡಬೇಕು. ಒಡೆದು ಪುಡಿಯಾದರೆ ಹದ, ಹಾಗೇ ಕೂತರೆ ಹಸಿ ಹೆಚ್ಚು, ನಾಳೆ ಬಾ ಎಂದು ಅರ್ಥ. ಹೊಲದ ತಗ್ಗಿನಲ್ಲಿ ಒಂದು ಸಲ, ದಿಬ್ಬದಲ್ಲಿ ಒಂದು ಸಲ ನೋಡಬೇಕು. ಎರಡೂ ಒಪ್ಪುವುದು ಅಪರೂಪ. ಒಪ್ಪದಿದ್ದಾಗ ದಿಬ್ಬದ ಮಾತೇ ನಡೆಯಬೇಕು ಅನ್ನುತ್ತಿದ್ದ, ಏಕೆಂದರೆ ಮೊದಲು ಒಣಗುವುದು ಅದೇ.

ಈ ಹದದ ಲೆಕ್ಕ ನಮ್ಮೂರಿನದು ಮಾತ್ರವಲ್ಲ. ಕ್ಸೇವಿಯರ್ ಜಿನೆ, ರಾಬರ್ಟ್ ಟೌನ್‌ಸೆಂಡ್, ಜೇಮ್ಸ್ ವಿಕರಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ನಮ್ಮ ನೆರೆಯ ಅನಂತಪುರ ಮತ್ತು ಮೆಹಬೂಬನಗರದ ರೈತರನ್ನು ಕೇಳಿದ್ದು ಸರಳ ಪ್ರಶ್ನೆ: ನಿಮ್ಮ ಲೆಕ್ಕದಲ್ಲಿ ಮುಂಗಾರು ಶುರುವಾಗುವುದು ಯಾವಾಗ? ಹವಾಮಾನ ಇಲಾಖೆಗೆ ಮುಂಗಾರು ಅಂದರೆ ಜೂನ್ 1, ಕೇರಳ. ರೈತರ ಉತ್ತರವೋ ಅವರವರ ಹೊಲದ ತೇವದ ಲೆಕ್ಕ, ಮನೆಗೊಂದು ಥರ. ಆದರೆ ಆ ಉತ್ತರ ಬಾಯಿಮಾತಲ್ಲ. ಮುಂಗಾರು ತಡವಾಗಿ ಕೂರುತ್ತದೆ ಎಂದು ನಂಬಿದವರು ನಿಜಕ್ಕೂ ತಡವಾಗಿ ಬಿತ್ತಿದ್ದರು, ಮರುಬಿತ್ತನೆಯ ಪಾಡೂ ಅವರಿಗೆ ಕಡಿಮೆ ಬಂದಿತ್ತು. ‘ರೈತರಿಗೆ ಗೊತ್ತಿಲ್ಲ, ತಿಳಿಸಬೇಕು’ ಎಂಬುದೇ ನನ್ನ ಇಲಾಖೆಯ ಮೂಲಮಂತ್ರವಾಗಿತ್ತು. ಆ ಮೂವರ ಪ್ರಬಂಧ ಓದಿದ ದಿನ ನನಗೆ ಸ್ವಲ್ಪ ನಾಚಿಕೆಯಾಯಿತು.

ಈಗ ನಕ್ಷತ್ರಗಳಿಗೆ ಬರೋಣ. ಸಭೆಯಲ್ಲಿ ವಿಜ್ಞಾನದ ಮೇಷ್ಟರುಗಳಿದ್ದೀರಿ, ಮುಖ ಗಂಟು ಹಾಕಿಕೊಳ್ಳಬೇಡಿ.

ನಮ್ಮ ಮಳೆಗಳಿಗೆ ಹೆಸರಿವೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು-ಹದಿನಾಲ್ಕು ದಿನ ಒಂದೊಂದು ಮಳೆ. ಅಶ್ವಿನಿ, ಭರಣಿ, ಕೃತ್ತಿಕೆ ಅಡ್ಡಮಳೆಗಳು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುವುದು ಎರೆಸೀಮೆಯವರ ಗಾದೆ. ನಮ್ಮ ಮಸಾರಿಯವರು ಕಣ್ಣಿಡುವುದು ಆರಿದ್ರೆಯ ಮೇಲೆ. ಈ ಪಂಚಾಂಗ ಹಳತಾಯಿತು, ಋತುವೇ ಜರುಗಿದೆ, ಇನ್ನು ಇದನ್ನು ನೆಚ್ಚುವುದು ಮೂಢತನ ಎಂದು ಹೇಳುವವರಿದ್ದಾರೆ. ನಾನೂ ಹೇಳಿದ್ದೆ. ಲೆಕ್ಕ ಹಾಕಿ ನೋಡಿದರೆ, ಅಯನಚಲನೆಯಿಂದ ನಕ್ಷತ್ರಮಾನ ಋತುವಿನಿಂದ ಜರುಗುವುದು ಸುಮಾರು 72 ವರ್ಷಕ್ಕೆ ಒಂದು ದಿನ. ನನ್ನ ತಾತನಿಂದ ನನ್ನವರೆಗೆ ಹೆಚ್ಚೆಂದರೆ ಒಂದೇ ದಿನದ ವ್ಯತ್ಯಾಸ. ಒಂದು ಪೂರ್ತಿ ಮಳೆಯಷ್ಟು ಜರುಗಲು ಸಾವಿರ ವರ್ಷದ ಹತ್ತಿರ ಬೇಕು. ಮನೆ ಅದೇ ಜಾಗದಲ್ಲಿದೆ. ಬರಬೇಕಾದ ನೆಂಟರು ಹೇಳಿದ ದಿನಕ್ಕೆ ಬರುತ್ತಿಲ್ಲ, ಅಷ್ಟೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಂಗಾರಿನ ಬಗ್ಗೆ ದೊಡ್ಡ ಕೆಲಸ ಮಾಡಿದವರು. ಅವರು ಪಾವಗಡ–ಅನಂತಪುರ ಸೀಮೆಯ ಶೇಂಗಾದ ಹಿಂದೆ ಬಿದ್ದದ್ದು ನಮ್ಮ ಪುಣ್ಯ. ಪಿ.ಆರ್. ಶೇಷಗಿರಿ ರಾವ್ ಮುಂತಾದವರ ಜೊತೆ ಸೇರಿ 1995ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಶೇಂಗಾ ಬೆಳೆಯುವವನಿಗೆ ಮುನ್ಸೂಚನೆ ಎಷ್ಟು ಸರಿಯಿದ್ದರೆ ಸಾಕು ಎಂಬುದೇ ಅದರ ತಲೆಬರಹದ ಪ್ರಶ್ನೆ. ಆಮೇಲೆ 2002ರ ಪ್ರಬಂಧದಲ್ಲಿ, ಶೇಂಗಾ ಗಿಡದ ಬೆಳವಣಿಗೆಯ ಕಂಪ್ಯೂಟರ್ ಮಾದರಿಗೆ ಹಿಂದಿನ ವರ್ಷಗಳ ಮಳೆ ಉಣಿಸಿ, ಯಾವ ತಾರೀಕಿಗೆ ಬಿತ್ತಿದರೆ ಏನಾಗುತ್ತಿತ್ತು ಎಂದು ನೋಡಿದರು. ಬೆಳೆ ಪೂರ್ತಿ ಕೈಕೊಡುವ ಅಪಾಯ ಅತಿ ಕಡಿಮೆ ಇರುವ ಅವಧಿ ಎಂದು ಹೊರಬಿದ್ದದ್ದು ಜೂನ್ 22ರಿಂದ ಆಗಸ್ಟ್ 17. ರೈತರು ಆಗಲೇ ಬಿತ್ತುತ್ತಿದ್ದದ್ದೂ ಅದೇ ಅವಧಿಯಲ್ಲಿ.

ಈ ತಾರೀಕುಗಳನ್ನು ನಾನು ಪಂಚಾಂಗದ ಪಕ್ಕ ಇಟ್ಟು ನೋಡಿದೆ. ಜೂನ್ 22ಕ್ಕೆ ಆರಿದ್ರೆ ಹುಟ್ಟುತ್ತದೆ. ಆಗಸ್ಟ್ 17ಕ್ಕೆ ಆಶ್ಲೇಷ ಮುಗಿದು ಮಖೆ ಹುಟ್ಟುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ: ಸರಿಯಾಗಿ ನಾಲ್ಕು ಮಳೆ. ಗಾಡ್ಗೀಳರ ತಂಡ ನಕ್ಷತ್ರ ನೋಡಿ ಲೆಕ್ಕ ಹಾಕಿರಲಿಲ್ಲ, ನಮ್ಮ ದೊಡ್ಡಪ್ಪ ಕಂಪ್ಯೂಟರ್ ನೋಡಿರಲಿಲ್ಲ. ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಶೇಂಗಾ ಈ ಸೀಮೆಯಲ್ಲಿ ಹೊಲಹೊಲಕ್ಕೂ ಹಬ್ಬಿದ್ದು 1970ರ ದಶಕದಿಂದೀಚೆಗೆ. 1986ರ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಅದಕ್ಕೆ ಮತ್ತಷ್ಟು ಗಾಳಿ ಹಾಕಿತು. ಹಾಗಾಗಿ ಇದು ಸಾವಿರ ವರ್ಷದ ಅನುಭವದ ಫಲ ಎಂದು ಹೇಳಿ ಭಾವುಕರಾಗುವಂತಿಲ್ಲ. ಬರೀ ಒಂದು ತಲೆಮಾರಿನಲ್ಲಿ, ನಷ್ಟ ಮಾಡಿಕೊಂಡು ಮಾಡಿಕೊಂಡು ಕಲಿತದ್ದು. ನನಗೆ ಇದು ಹೆಚ್ಚಿನ ಅಚ್ಚರಿ.

ನಕ್ಷತ್ರದ ಮಾತು ಬಂತೆಂದು ಇನ್ನೊಂದು ಹೇಳಿಬಿಡುತ್ತೇನೆ. ಪೆರು, ಬೊಲಿವಿಯಾ ದೇಶಗಳ ಆಂಡಿಸ್ ಬೆಟ್ಟದ ಆಲೂಗಡ್ಡೆ ರೈತರು ಜೂನ್ ಕೊನೆಗೆ ಬೆಳಗಿನ ಜಾವ ಎದ್ದು ನಕ್ಷತ್ರದ ಒಂದು ಗೊಂಚಲನ್ನು ನೋಡುತ್ತಾರೆ. ಅದು ನಮ್ಮ ಕೃತ್ತಿಕೆಯೇ. ಗೊಂಚಲು ಮಸುಕಾಗಿ ಕಂಡರೆ ಮಳೆ ತಡ ಎಂದು ಆಲೂಗಡ್ಡೆ ಊರುವುದನ್ನು ಕೆಲವು ವಾರ ಮುಂದೆ ಹಾಕುತ್ತಾರೆ. 2000ದ ‘ನೇಚರ್’ ಪತ್ರಿಕೆಯಲ್ಲಿ ಓರ್ಲೋವ್, ಚಿಯಾಂಗ್, ಕೇನ್ ಎಂಬ ಸಂಶೋಧಕರು ಇದರ ಗುಟ್ಟು ಬಿಡಿಸಿದರು: ಎಲ್ ನಿನೋ ವರ್ಷದಲ್ಲಿ ಬಹು ಎತ್ತರದಲ್ಲಿ ಕಣ್ಣಿಗೆ ಕಾಣದಷ್ಟು ತೆಳುಮೋಡ ಹೆಚ್ಚು, ಚುಕ್ಕಿ ಮಸುಕಾಗುವುದು ಅದರಿಂದ. ನಮ್ಮ ಗಾದೆಗಳೆಲ್ಲ ಹೀಗೆ ವಿಜ್ಞಾನವೇ ಎಂದು ಇದರಿಂದ ಯಾರೂ ತೀರ್ಮಾನಿಸಬೇಡಿ. ಕೆಲವು ಗಾದೆ ಪ್ರಾಸಕ್ಕಾಗಿ ಹುಟ್ಟಿದವು ಎಂಬುದು ನನ್ನ ಗುಮಾನಿ.

ಗಾಡ್ಗೀಳರ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಆ ಅವಧಿಯೊಳಗೂ ಜುಲೈ ಮಧ್ಯದ ನಂತರ ಬಿತ್ತಿದರೆ ಇಳುವರಿ ಹೆಚ್ಚು. ಏಕೆಂದರೆ ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನದು. ಬೇಗ ಬಿತ್ತಿದ ಬೆಳೆಗೆ ಹೂ ಉದುರಿ ಊಡು, ಅಂದರೆ ಕಾಯಿಯಾಗುವ ಎಳೆ, ಮಣ್ಣಿಗೆ ಇಳಿಯುವ ಹೊತ್ತಿಗೆ ಒಣಹವೆ ಸಿಕ್ಕಿಬಿಡುತ್ತದೆ. ಮಾದರಿ ‘ತಡಿ’ ಅನ್ನುತ್ತದೆ. ರೈತ ಜುಲೈ ಮೊದಲ ವಾರ ಹದ ಸಿಕ್ಕರೂ ಬಿತ್ತುತ್ತಾನೆ. ನಾನು ಇದನ್ನು ಹಳ್ಳಿ ಹಳ್ಳಿಯಲ್ಲಿ ವಿವರಿಸಿ ಸೋತಿದ್ದೇನೆ.

ಯಾಕೆ ಸೋತೆ ಅನ್ನುವುದು ಒಬ್ಬ ಹೆಂಗಸಿನ ಮಾತಿನಿಂದ ಹೊಳೆಯಿತು. ‘ಬಿತ್ತಿದ ಮೇಲೆ ಮಳೆ ಬರದಿದ್ರೆ ಅದು ಮಳೆರಾಯನ ತಪ್ಪು ಸಾರ್. ಹದ ಬಂದಾಗ ಬಿತ್ತದೆ ಕೂತು ಆಮೇಲೆ ಮಳೆ ಬರದಿದ್ರೆ ಅದು ನಮ್ಮ ಯಜಮಾನನ ತಪ್ಪು.’ ಎರಡೂ ಕಡೆ ನಷ್ಟ ಒಂದೇ. ಆದರೆ ಮೊದಲನೆಯದರಲ್ಲಿ ಊರೆಲ್ಲ ಜೊತೆಗಿರುತ್ತದೆ, ಎರಡನೆಯದರಲ್ಲಿ ಒಬ್ಬನೇ. ‘ಹದ ಕಳಕೊಂಡೋನು’ ಎನ್ನುವುದು ನಮ್ಮ ಕಡೆ ಬೈಗುಳ. ಸಾಲ ಕೇಳಲು ಹೋದಾಗಲೂ ಹೆಣ್ಣು ಕೇಳಲು ಹೋದಾಗಲೂ ಆ ಮಾತು ಬೆನ್ನು ಬಿಡುವುದಿಲ್ಲ. ಟ್ರ್ಯಾಕ್ಟರಿನವನು ಇಡೀ ಪಟ್ಟಿಗೆ ಒಟ್ಟಿಗೆ ಬರುತ್ತಾನೆ, ನಿನ್ನೊಬ್ಬನ ಎರಡೆಕರೆಗಾಗಿ ಹದಿನೈದು ದಿನ ಬಿಟ್ಟು ಮತ್ತೆ ಬರುವುದಿಲ್ಲ. ಇವೆಲ್ಲ ಅಪಾಯದ ಲೆಕ್ಕವೇ. ಮಿಲಿಮೀಟರಿನಲ್ಲಿ ಅಳೆಯಲು ಬರುವುದಿಲ್ಲ, ಅಷ್ಟೇ.

‘ಮೊದಲಿನ ಮಳೆ ಈಗಿಲ್ಲ.’ ಈ ಮಾತು ನೀವೂ ಕೇಳಿದ್ದೀರಿ. ನಾನೊಮ್ಮೆ ಹಳೆಯ ಮಳೆ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೂತೆ. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಸೀಮೆ ನಮ್ಮದು. ಅಂಕಿಗಳು ಹುಚ್ಚುಕುದುರೆಯಂತೆ ಏರುತ್ತವೆ, ಇಳಿಯುತ್ತವೆ. ಹಿರಿಯರು ಹೇಳುವಷ್ಟು ಕಡಿದಾದ ಇಳಿಜಾರು ಮಾತ್ರ ನನಗೆ ಕಾಣಲಿಲ್ಲ. ಉತ್ತರ ಇಥಿಯೋಪಿಯಾದಲ್ಲಿ ಎಲಿಸಬೆತ್ ಮೆಟ್ಸೆ-ಹೌಸ್ಕೆನ್ ಎಂಬ ಸಂಶೋಧಕಿಗೂ ಇದೇ ಅನುಭವವಾಗಿತ್ತು. ಮಳೆ ಕುಗ್ಗಿದೆ ಎಂದು ರೈತರು ಖಂಡಿತವಾಗಿ ಹೇಳುತ್ತಿದ್ದರು, ಮಾಪನ ಕೇಂದ್ರದ ದಾಖಲೆ ಹಾಗೆ ಹೇಳುತ್ತಿರಲಿಲ್ಲ. 2004ರಲ್ಲಿ ಪ್ರಕಟವಾದ ಆಕೆಯ ಲೇಖನದ ವಿವೇಕ ಇರುವುದು, ರೈತರನ್ನು ತಪ್ಪುಗಾರರನ್ನಾಗಿ ಮಾಡದೆ ಬಿಟ್ಟಿದ್ದರಲ್ಲಿ. ಬರುವ ಮಳೆ ಹಾಗೇ ಇದ್ದರೂ ಬೇಕಾದ ಮಳೆ ಹೆಚ್ಚಿರಬಹುದಲ್ಲ?

ನಮ್ಮಲ್ಲೂ ಹಾಗೇ ಆಗಿದೆ ಎಂದು ನನ್ನ ತಿಳಿವಳಿಕೆ. ನವಣೆ, ಸಜ್ಜೆ, ಹುರುಳಿ, ತೊಗರಿಗಳ ಅಕ್ಕಡಿ ಸಾಲು ಇದ್ದಾಗ ಒಂದು ಮಳೆ ತಪ್ಪಿದರೆ ಒಂದು ಸಾಲು ಹೋಗುತ್ತಿತ್ತು. ಹೊಲಪೂರ್ತಿ ಶೇಂಗಾ ಆದ ಮೇಲೆ ಅದೇ ಮಳೆ ತಪ್ಪಿದರೆ ಹೊಲವೇ ಹೋಗುತ್ತದೆ. ಕೆರೆಗೆ ನೀರು ಬರುವ ಹಳ್ಳದಲ್ಲಿ ಈಗ ಸಾಲು ಸಾಲು ಬೋರ್‌ವೆಲ್. ಬಾವಿಯ ತಳ ಕಂಡವನು ‘ಮಳೆ ಕಡಿಮೆ’ ಅನ್ನುತ್ತಾನೆ. ಅವನು ಅಳೆದು ಹೇಳುತ್ತಿರುವುದು ಬಾವಿಯನ್ನು. ದೊಡ್ಡಮ್ಮನದು ಮತ್ತೂ ಬೇರೆ ಪಟ್ಟಿ. ವರ್ಷಗಳನ್ನು ಆಕೆ ಗುರುತಿಡುವುದು ‘ಎಮ್ಮೆ ಮಾರಿದ ವರ್ಷ’, ‘ಟ್ಯಾಂಕರ್ ಬಂದ ವರ್ಷ’, ‘ಬಳ್ಳಿ ಸಾಕಾದ ವರ್ಷ’ ಎಂದು. ಬಳ್ಳಿ ಅಂದರೆ ಶೇಂಗಾದ ಒಣಬಳ್ಳಿ, ದನದ ಮೇವು. ಕಾಯಿ ಕಟ್ಟದ ವರ್ಷವೂ ಬಳ್ಳಿ ಸಿಕ್ಕಿದರೆ ಆಕೆಯ ಲೆಕ್ಕದಲ್ಲಿ ಅದು ಬರಗಾಲವಲ್ಲ. ಸರ್ಕಾರದ ಲೆಕ್ಕದಲ್ಲಿ ಹೌದು.

ಕಣ್ಣೆದುರಿನದು ಹೆಚ್ಚು ನೆನಪಿರುವುದು ಎಲ್ಲ ಮನುಷ್ಯರ ಗುಣ. 2022ರಲ್ಲಿ ಮಳೆ ಸುರಿದು ಕೆರೆ ಕೋಡಿ ಬಿದ್ದವು. ಆ ಗುಂಗಿನಲ್ಲಿ 2023ಕ್ಕೆ ಹೆಚ್ಚು ಬೀಜ ಇಟ್ಟರು. ಆ ವರ್ಷದ ಆಗಸ್ಟ್ ದೇಶಕ್ಕೆ ನೂರಿಪ್ಪತ್ತು ವರ್ಷಗಳಲ್ಲೇ ಅತಿ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿದರು.

ರೈತ ಅಪಾಯಕ್ಕೆ ಹೆದರುತ್ತಾನೆ, ಬಡವ ಹೆಚ್ಚು ಹೆದರುತ್ತಾನೆ, ಅದಕ್ಕೇ ಮುಂದೆ ಬರುವುದಿಲ್ಲ ಎಂಬ ವಾದವೊಂದಿದೆ. ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ 1975ರಿಂದ ಮೆಹಬೂಬನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆಯತೊಡಗಿತು. ಆ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವಾಂಗರ್ ನಿಜವಾದ ದುಡ್ಡಿಟ್ಟು ನಾಣ್ಯ ಚಿಮ್ಮಿಸುವ ಆಟ ಆಡಿಸಿದರು. ಐವತ್ತು ರೂಪಾಯಿಯ ಆಟದಲ್ಲಿ ಒಂದು ಆಯ್ಕೆ: ಯಾವ ಮುಖ ಬಿದ್ದರೂ 50 ರೂಪಾಯಿ ನಿನ್ನದು. ಇನ್ನೊಂದು ತುದಿ: ಒಂದು ಮುಖಕ್ಕೆ 200, ಇನ್ನೊಂದಕ್ಕೆ ಸೊನ್ನೆ. ನಡುವೆ ಹಲವು ಮೆಟ್ಟಿಲು. ಹೊಲದ ಕೂಲಿ ದಿನಕ್ಕೆ ಕೆಲವೇ ರೂಪಾಯಿ ಇದ್ದ ಕಾಲ, ಆಟದ ಮಾತಲ್ಲ. 1980ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಹುಪಾಲು ಜನ ನಡುವಿನ ಮೆಟ್ಟಿಲುಗಳಲ್ಲೇ ನಿಂತಿದ್ದರು, ಮೊತ್ತ ದೊಡ್ಡದಾದಾಗ ಶ್ರೀಮಂತ ಬಡವ ಎಂಬ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಎದೆ ಎಲ್ಲರದೂ ಹೆಚ್ಚುಕಮ್ಮಿ ಒಂದೇ.

ವ್ಯತ್ಯಾಸ ಇರುವುದು ಬೆನ್ನಲ್ಲಿ. ಅದೇ ಹಳ್ಳಿಗಳ ಲೆಕ್ಕ ಹಿಡಿದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೋಸೆನ್‌ಜ್ವೈಗ್ ಜೊತೆ ಬಿನ್ಸ್‌ವಾಂಗರ್ 1993ರಲ್ಲಿ ತೋರಿಸಿದ್ದು ಇದು: ಮುಂಗಾರು ಶುರುವಾಗುವ ದಿನದ ಅನಿಶ್ಚಿತತೆ ಒಂದು ಮಾನಕ ವಿಚಲನೆಯಷ್ಟು ಹೆಚ್ಚಿದರೆ ಅತಿ ಬಡ ಕಾಲುಭಾಗದ ರೈತರ ಲಾಭ ಶೇ 35ರಷ್ಟು ಇಳಿಯುತ್ತದೆ, ಅತಿ ಸಿರಿವಂತ ಕಾಲುಭಾಗದವರಿಗೆ ಏನೂ ಆಗುವುದಿಲ್ಲ. ಮಳೆ ಹೆಚ್ಚುಕಮ್ಮಿಯಾದರೂ ಮನೆ ನಡೆಯಬೇಕಲ್ಲ ಎಂದು ಬಡವ ಮೊದಲೇ ಕಡಿಮೆ ಲಾಭದ, ಕಡಿಮೆ ಖರ್ಚಿನ ದಾರಿ ಹಿಡಿದಿರುತ್ತಾನೆ. ಅಂದರೆ ಬರ ಬಾರದ ವರ್ಷದಲ್ಲೂ ಅವನು ಬರಕ್ಕೆ ಕಂದಾಯ ಕಟ್ಟುತ್ತಾನೆ. ಪರಿಹಾರದ ಯಾವ ಪಟ್ಟಿಯಲ್ಲೂ ಈ ನಷ್ಟ ಬರುವುದಿಲ್ಲ. ಇವತ್ತಿನ ಉಪನ್ಯಾಸದಿಂದ ನೀವು ಒಂದೇ ಅಂಕಿ ಮನೆಗೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಮುನ್ಸೂಚನೆಯ ಕತೆ ಬೇರೆ. ಫೆಬ್ರುವರಿ ಹೊತ್ತಿಗೆ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿ ಕಾರ್ಣಿಕ ನುಡಿಯುತ್ತಾನೆ. ಒಂದೇ ಸಾಲು. ಲಕ್ಷಾಂತರ ಜನ ಅದನ್ನು ಹೊತ್ತು ಊರಿಗೆ ಹೋಗುತ್ತಾರೆ, ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಅರ್ಥ ಹೇಳುತ್ತಾರೆ. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಸಾಲು ಬರುತ್ತದೆ: ದೇಶದ ಸರಾಸರಿ 87 ಸೆಂಟಿಮೀಟರಿನ ಶೇ 96ರಿಂದ 104ರಷ್ಟು ಮಳೆಯಾದರೆ ಅದು ‘ಸಾಮಾನ್ಯ’. ಚಿರಾಪುಂಜಿಯನ್ನೂ ಚಳ್ಳಕೆರೆಯನ್ನೂ ಕೂಡಿ ಭಾಗಿಸಿದ ಆ ಸರಾಸರಿಯಿಂದ ಕಾಯಿ ಒಡೆಯಬೇಕೋ ಬೇಡವೋ ಗೊತ್ತಾಗುವುದಿಲ್ಲ. ಕಾರ್ಣಿಕದ ಸಾಲಿಗೆ ಹತ್ತು ಅರ್ಥ, ಇಲಾಖೆಯ ಸಾಲಿಗೆ ಒಂದೇ. ಪಡಸಾಲೆಗೆ ಬಂದಾಗ ಎರಡೂ ಅಷ್ಟಕ್ಕಷ್ಟೇ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ಪುಷ್ಯ ಮಳೆಯ ಕಾಲ, ಐದು ದಿನಗಳ ಬುಲೆಟಿನ್ ಕೈಯಲ್ಲಿ ಹಿಡಿದು ಒಂದು ಹಳ್ಳಿಯಲ್ಲಿ ಗುಡಿಯ ಮುಂದೆ ನಿಂತು ‘ಒಳ್ಳೇ ಮಳೆ ಐತೆ, ತಯಾರಾಗಿ’ ಅಂದೆ. ಹನ್ನೊಂದು ಮನೆಯವರು ಕಾಯಿ ಒಡೆದರು. ಮಳೆ ಬಂತು, ಪಕ್ಕದ ಹೋಬಳಿಗೆ. ತಾಲ್ಲೂಕಿನ ಮಟ್ಟಿಗೆ ಮುನ್ಸೂಚನೆ ಸರಿಯಾಗಿಯೇ ಇತ್ತು ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಆದರೆ ಆಮೇಲೆ ಎಷ್ಟೋ ವರ್ಷ ಆ ಊರಿನ ಒಬ್ಬಾತ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ, ‘ಸಾರ್, ಇವತ್ತು ಬಟ್ಟೆ ಒಣಗಾಕಬೌದಾ?’ ಎಂದು ಕೇಳುತ್ತಿದ್ದ.

ಹಾಗೆಂದು ಮುನ್ಸೂಚನೆ ಕೆಲಸಕ್ಕೆ ಬಾರದು ಎನ್ನಲಾರೆ. 2022ರಲ್ಲಿ ತೆಲಂಗಾಣದ 250 ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞೆ ಫಿಯೋನಾ ಬರ್ಲಿಗ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಮುಂಗಾರು ಯಾವಾಗ ಕೂರುತ್ತದೆ ಎಂಬುದನ್ನು ವಾರಗಟ್ಟಲೆ ಮೊದಲೇ ಕೆಲವು ಹಳ್ಳಿಗಳಿಗೆ ತಿಳಿಸಿದರು. ಬೇಗ ಬರುತ್ತದೆಂದು ಕಾದಿದ್ದವರು ‘ತಡ’ ಎಂದು ಕೇಳಿ ಬಿತ್ತನೆಯನ್ನು ಐದನೇ ಒಂದು ಪಾಲಿನಷ್ಟು ಕಡಿಮೆ ಮಾಡಿದರು. ಒಳ್ಳೆಯ ಸುದ್ದಿ ಕೇಳಿದವರು ಬೆಳೆಗೆ ಹೆಚ್ಚು ದುಡ್ಡು ಹಾಕಿದರು. 2025ರ ಮುಂಗಾರಿಗೆ ಕೇಂದ್ರ ಸರ್ಕಾರ ಕೃತಕ ಬುದ್ಧಿಮತ್ತೆ ಬಳಸಿದ ಇಂಥ ಮುನ್ಸೂಚನೆಯನ್ನು 13 ರಾಜ್ಯಗಳ 3.8 ಕೋಟಿ ರೈತರ ಮೊಬೈಲಿಗೆ ಕಳಿಸಿತು. ಇದರಲ್ಲಿ ನನಗೆ ಹಿಡಿಸಿದ್ದು ತಂತ್ರಜ್ಞಾನಕ್ಕಿಂತ ಸಮಯ. ಸುದ್ದಿ ಕಾಯಿ ಒಡೆಯುವುದಕ್ಕೆ ಮೊದಲು ಮನೆ ತಲುಪಿತು.

ವಿಮೆಯ ಬಗ್ಗೆ ಎರಡೇ ಮಾತು. ಫಸಲ್ ಬಿಮಾ ಯೋಜನೆ 2016ರಲ್ಲಿ ಬಂತು, ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತ ಕಟ್ಟುವುದು ಶೇ 2. ಹಣದ ತಕರಾರು ದೊಡ್ಡದಲ್ಲ. ನಷ್ಟವನ್ನು ಅಳೆಯುವುದು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ, ಮಳೆ ಬರುವುದು ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವ ಹಾಗೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆಮಾಪಕ ಇರುವುದು ಹೆಮ್ಮೆಯ ವಿಷಯವೇ. ಆದರೂ ರೈತ ನಿಜವಾಗಿ ನೆಚ್ಚುವ ವಿಮೆ ಹಟ್ಟಿಯಲ್ಲಿರುವ ಹತ್ತು ಕುರಿ ಮತ್ತು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುವ ಮಗ. ಕುರಿಗೆ ಕಂತು ಕಟ್ಟಬೇಕಿಲ್ಲ. ಮಗನ ಬಗ್ಗೆ ಹಾಗೆ ಹೇಳಲು ಬಾರದು.

ಇಷ್ಟು ಹೊತ್ತು ಹೇಳಿದ್ದು ಒಂದು ಮಳೆಗಾಲದ ಲೆಕ್ಕ. ಇಪ್ಪತ್ತು ಮೂವತ್ತು ವರ್ಷದ ಭವಿಷ್ಯವನ್ನು ರೈತ ಯೋಚಿಸುತ್ತಾನೆಯೇ? ಸಮೀಕ್ಷೆಯವರು ಕೇಳಿದರೆ ‘ದೇವರು ಇಟ್ಟಂಗೆ’ ಅನ್ನುತ್ತಾನೆ, ಅವರು ‘ಯೋಜನೆ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ. ನಾನು ನಂಬುವುದಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ ಅಡಿಕೆ ಹಬ್ಬುತ್ತಿರುವುದನ್ನು ನೋಡಿ. ಅಂತರ್ಜಲ ಪಾತಾಳಕ್ಕೆ ಇಳಿಯುತ್ತಿರುವ ಸೀಮೆಯಲ್ಲಿ, ಫಸಲಿಗೆ ಐದಾರು ವರ್ಷ ಕಾಯಿಸುವ, ವರ್ಷವಿಡೀ ನೀರು ಬೇಡುವ ಗಿಡ. ಬುದ್ಧಿ ಇದ್ದವರು ಮಾಡುವ ಕೆಲಸವೇ ಎಂದು ಕೇಳುತ್ತೀರಿ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ: ಲಾಭದ ಎದುರು ಎಚ್ಚರದಿಂದಿರುವ ಮನುಷ್ಯ ಖಚಿತ ನಷ್ಟದ ಎದುರು ಜೂಜಿಗೆ ಇಳಿಯುತ್ತಾನೆ. ಶೇಂಗಾದಲ್ಲಿ ನಷ್ಟ ಹೆಚ್ಚುಕಮ್ಮಿ ಖಚಿತ, ಕೂಲಿ ಸಿಗುವುದಿಲ್ಲ, ಸುರುಳಿಪೂಚಿ ಬಿಡುವುದಿಲ್ಲ. ಮೂರನೇ ಬೋರಿನಲ್ಲಿ ನೀರು ಸಿಕ್ಕರೆ ಅಡಿಕೆಯಲ್ಲಿ ಮನೆ ನಿಲ್ಲುತ್ತದೆ. ‘ಸಿಕ್ಕರೆ’ ಎಂಬ ಆ ಪದದ ಮೇಲೆ ಎಷ್ಟು ಎಕರೆ ನಿಂತಿದೆಯೋ.

ಪಾವಗಡದಲ್ಲಿ ಬೇರೆಯದೇ ತೀರ್ಮಾನವಾಯಿತು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಐದು ಹಳ್ಳಿಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಪಾರ್ಕ್. ಮೊದಲ ಹಂತ ಶುರುವಾದದ್ದು 2018ರಲ್ಲಿ. ಭೂಮಿ ಕೊಂಡಿಲ್ಲ, ಗುತ್ತಿಗೆಗೆ ಪಡೆದದ್ದು: ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಯಾವ ಬಿಸಿಲು ಬೆಳೆ ಸುಡುತ್ತಿತ್ತೋ ಅದನ್ನೇ ಗುತ್ತಿಗೆಗೆ ಕೊಟ್ಟರು. ನನ್ನ ಸೀಮೆಯಲ್ಲಿ ಒಂದೇ ಏಟಿಗೆ ಇಷ್ಟು ಜನ ತೆಗೆದುಕೊಂಡ ಹವಾಮಾನದ ತೀರ್ಮಾನ ಇನ್ನೊಂದಿಲ್ಲ, ಯಾರೂ ಅದನ್ನು ಆ ಹೆಸರಿನಿಂದ ಕರೆಯಲಿಲ್ಲ. ತೀರ್ಮಾನ ಆದದ್ದು ಭೂಮಿ ಇದ್ದವರದು ಎಂಬುದನ್ನೂ ಹೇಳಬೇಕು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವರನ್ನು, ಕೊಯ್ಲಾದ ಮೇಲೆ ಕುರಿ ಬಿಡುತ್ತಿದ್ದವರನ್ನು ಯಾರೂ ಕೇಳಲಿಲ್ಲ, ಅವರ ಹೆಸರಿಗೆ ಬಾಡಿಗೆಯೂ ಬರುವುದಿಲ್ಲ. ಬೇಲಿಯ ಹೊರಗೆ ಚಹಾದಂಗಡಿಯಲ್ಲಿ ಸಿಕ್ಕ ಒಬ್ಬ ಭೂಮಾಲೀಕ, ‘ಮಳೆ ಬಂದ್ರೂ ಅಷ್ಟೇ, ಬರದಿದ್ರೂ ಅಷ್ಟೇ’ ಎಂದ. ನಿರಾಳವಾಗಿಯೇ ಅಂದ. ಅಷ್ಟರಲ್ಲಿ ಪಡುವಣದಲ್ಲಿ ಗುಡುಗಿತು. ಮಾತು ನಿಲ್ಲಿಸಿ, ಲೋಟ ಹಿಡಿದೇ ಎದ್ದು ಹೋಗಿ ಆಕಾಶ ನೋಡಿ ಬಂದ.

ದೊಡ್ಡಪ್ಪನ ಪಡಸಾಲೆಗೆ ಹಿಂತಿರುಗಿ ಮುಗಿಸುತ್ತೇನೆ. ಆಗಸ್ಟ್ ಮೊದಲ ವಾರ ಒಂದು ಸಂಜೆ ಪಡುವಣ ಕಪ್ಪಾಯಿತಂತೆ. ಆರು ಮೂಟೆಯಲ್ಲಿ ಎರಡನ್ನು ಒಡೆಸಿದ. ಮೋಡ ಹಾಗೇ ಮೂಡಣಕ್ಕೆ ಹೋಯಿತು. ಆಶ್ಲೇಷ ಮುಗಿದ ಮಾರನೇ ದಿನ ಬೀಜವನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹಾಕಿ ಬಂದ. ಸೆಪ್ಟೆಂಬರಿನಲ್ಲಿ ಉತ್ತರೆ ಹುಟ್ಟಿದ ವಾರ ನಾನು ಮತ್ತೆ ಹೋದಾಗ ಒಂದು ತುಂತುರಿಗೆ ಎರಡೆಕರೆ ಹುರುಳಿ ಎರಚಿದ್ದ. ಉಳಿದ ನಾಲ್ಕು ಮೂಟೆಯಲ್ಲಿ ಮೂರನ್ನು ವ್ಯಾಪಾರಿಗೆ ತೂಗಿಕೊಟ್ಟಾಗಿತ್ತು. ಒಂದನ್ನು ಇಬ್ಬರು ಹಿಡಿದು ಅಟ್ಟಕ್ಕೆ ಏರಿಸುತ್ತಿದ್ದರು. ತಮ್ಮನ ಬೋರಿನ ಕೆಳಗೆ ಬೇಸಿಗೆಗೆ ಅರ್ಧ ಎಕರೆ ಹಾಕಿದರೆ ಮುಂದಿನ ಆರಿದ್ರೆಗೆ ಹೊಸ ಬೀಜ ಆಗುತ್ತದಂತೆ. ತಮ್ಮನ ಬೋರು ಬೇಸಿಗೆಯವರೆಗೆ ನೀರು ಕೊಡುತ್ತದೆಂದು ಯಾರು ಹೇಳಿದರು ಅಂತ ನಾನು ಕೇಳಲಿಲ್ಲ. ‘ರೇಟು ಚೆನ್ನಾಗೈತಲ್ಲ, ಅದನ್ನೂ ಕೊಟ್ಟುಬಿಡಬೌದಿತ್ತು’ ಅಂದೆ.

ಏಣಿ ಹಿಡಿದು ನಿಂತಿದ್ದ ದೊಡ್ಡಪ್ಪ ಮೇಲೆ ನೋಡುತ್ತಲೇ, ‘ಅದಿನ್ನೂ ಒಡೆದಿಲ್ಲ ಕಣಪ್ಪ’ ಅಂದ.